ಡ್ರ್ಯಾಗನ್‌ಗೆ ಹೆಚ್ಚಿಸಬೇಕಾದದ್ದು ಜೀವವೋ, ಪಾಳಿಯೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಐವರು ಗೆಳೆಯರು ಪ್ರತಿ ಭಾನುವಾರ ಸಂಜೆ ನಮ್ಮ ಮನೆಯ ಮಾಳಿಗೆಯ ಮೇಲೆ ಸೇರಿ ದಾಳ ಹಾಕುತ್ತಾ ಕಥೆ ಕಟ್ಟುವ ಪಾತ್ರಾಭಿನಯದ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಕಥೆ ನಡೆಸುವವನು ನಾನು. ಗೆಳೆಯರ ನಾಲ್ಕೂ ಪಾತ್ರಗಳು ಹತ್ತನೇ ಲೆವೆಲ್ ಮುಟ್ಟಿದ ಮೇಲೆ, ಎರಡು ವಾರ ಕುಳಿತು 400 ಹಿಟ್ ಪಾಯಿಂಟ್‌ನ (ಏಟು ತಿಂದಷ್ಟೂ ಕರಗುವ ಜೀವದ ಅಂಕ) ಡ್ರ್ಯಾಗನ್ ಒಂದನ್ನು ನಾನೇ ರೂಪಿಸಿದೆ. ಬಯಲಿನಲ್ಲಿ ಎದುರಾದ ಅದನ್ನು ಮಂತ್ರವಾದಿ ಒಂದೇ ಮಂತ್ರದಿಂದ ಕಟ್ಟಿಹಾಕಿದ, ಉಳಿದವರು ಮೂರೇ ಸುತ್ತಿನಲ್ಲಿ ಕೊಂದು ಮುಗಿಸಿದರು. ಮುಂದಿನದಕ್ಕೆ 800 ಕೊಟ್ಟರೆ ಸರಿಹೋದೀತೇ?
— ಓದುಗ, ಹಾವೇರಿ

ಉತ್ತರ: ಸರಿಹೋಗಲಾರದು. ಮೂರು ಸುತ್ತಿನಲ್ಲಿ ಸತ್ತದ್ದು ಆರು ಸುತ್ತಿನಲ್ಲಿ ಸಾಯುತ್ತದೆ, ಅಷ್ಟೇ. ನಿಯಮಪುಸ್ತಕದೊಂದಿಗೆ ನಿಮ್ಮ ಡ್ರ್ಯಾಗನ್ನನ್ನು ಹೋಲಿಸಿ ನೋಡಿ: 2014ರಲ್ಲಿ ಬಂದ ಐದನೇ ಆವೃತ್ತಿಯ ಪ್ರಾಯದ ಕೆಂಪು ಡ್ರ್ಯಾಗನ್‌ಗೆ ಇರುವುದು 256 ಹಿಟ್ ಪಾಯಿಂಟ್, ಅಂದರೆ ನಿಮ್ಮದಕ್ಕಿಂತ 144 ಕಡಿಮೆ. ಆದರೂ ಅದರ ಚಾಲೆಂಜ್ ರೇಟಿಂಗ್, ಅಂದರೆ ಎದುರಾಳಿ ಎಷ್ಟು ಕಠಿಣವೆಂಬ ಅಳತೆ, 17. ಹತ್ತನೇ ಲೆವೆಲ್‌ನ ನಾಲ್ವರು ಅದರ ಎದುರು ಬದುಕಿ ಉಳಿದರೆ ಅದೃಷ್ಟವೆನ್ನಬೇಕು. ಹಾಗಾದರೆ ನಿಮ್ಮ ಡ್ರ್ಯಾಗನ್‌ಗೆ ಕೊರತೆಯಿದ್ದದ್ದು ಯಾವುದರದು?

ಪಾಳಿಯದು. ಒಂದು ಸುತ್ತಿನಲ್ಲಿ ನಿಮ್ಮ ಗೆಳೆಯರಿಗೆ ನಾಲ್ಕು ಪಾಳಿ ಬರುತ್ತವೆ, ಡ್ರ್ಯಾಗನ್‌ಗೆ ಒಂದೇ. ಮೂರು ಸುತ್ತಿಗೆ ಹನ್ನೆರಡಕ್ಕೆ ಮೂರು. ಮಂತ್ರವಾದಿ ಬಳಸಿದ್ದು ಬಹುಶಃ ಹೋಲ್ಡ್ ಮಾನ್‌ಸ್ಟರ್ ಇರಬೇಕು; ಅದು ತಗುಲಿದ ಪ್ರಾಣಿಯ ಮೈ ಮರಗಟ್ಟಿ, ಆ ಮೂರು ಪಾಳಿಗಳೂ ಕೈತಪ್ಪಿಹೋಗುತ್ತವೆ. ಸಾಲದ್ದಕ್ಕೆ, ಮರಗಟ್ಟಿದ ಪ್ರಾಣಿಗೆ ಐದು ಅಡಿಯೊಳಗಿನಿಂದ ತಗುಲಿದ ಪ್ರತಿ ಏಟೂ ಕ್ರಿಟಿಕಲ್ ಆಗಿ, ಏಟಿನ ದಾಳಗಳು ಇಮ್ಮಡಿಯಾಗುತ್ತವೆ. ನಿಮ್ಮ 400 ಕರಗಿದ್ದು ಹೀಗೆ. 800 ಕೊಟ್ಟಿದ್ದರೂ ಅದು ನಿಂತಲ್ಲೇ ನಿಂತು ಏಟು ತಿನ್ನುತ್ತಿತ್ತು, ನಿಮ್ಮ ಗೆಳೆಯರು ನಡುವೆ ಎದ್ದು ಚಹಾ ಕುಡಿದು ಬರುತ್ತಿದ್ದರು.

ನಿಯಮ ರೂಪಿಸಿದವರಿಗೆ ಈ ತೊಡಕು ಗೊತ್ತಿದ್ದುದರಿಂದಲೇ ಬಲಿಷ್ಠ ಡ್ರ್ಯಾಗನ್‌ಗಳಿಗೆ ಲೆಜೆಂಡರಿ ರೆಸಿಸ್ಟೆನ್ಸ್ ಎಂಬುದನ್ನು ಕೊಟ್ಟಿದ್ದಾರೆ: ಸೇವಿಂಗ್ ಥ್ರೋದಲ್ಲಿ (ಮಂತ್ರದಂಥ ಆಪತ್ತಿನಿಂದ ಪಾರಾಗಲು ಹಾಕುವ ದಾಳ) ಸೋತರೂ ದಿನಕ್ಕೆ ಮೂರು ಸಲ ‘ಗೆದ್ದೆ’ ಎಂದು ಸಾರುವ ಹಕ್ಕು ಅದು. ಆಟಗಾರರಿಗೆ ಇದು ಮೋಸವೆನ್ನಿಸುವುದುಂಟು. ಆದರೆ ಆ ಮೂರನ್ನು ಸಣ್ಣಪುಟ್ಟ ಮಂತ್ರಗಳಿಂದ ಖರ್ಚು ಮಾಡಿಸುವುದೇ ಅವರಿಗೊಂದು ತಂತ್ರವಾಗುತ್ತದೆ ಎಂಬುದು ನನ್ನ ಅನುಭವ. ಇದಕ್ಕಿಂತ ಮುಖ್ಯವಾದುದು ಲೆಜೆಂಡರಿ ಆ್ಯಕ್ಷನ್. ಬೇರೆಯವರ ಪಾಳಿ ಮುಗಿದ ಕೂಡಲೇ ಡ್ರ್ಯಾಗನ್ ನಡುವೆ ನುಗ್ಗಿ ಬಾಲದಿಂದ ಒಂದು ಏಟು ಕೊಡಬಹುದು. ಒಂದು ಸುತ್ತಿಗೆ ಇಂಥ ಮೂರು ಅವಕಾಶಗಳು. ಅವುಗಳಲ್ಲಿ ಎರಡನ್ನು ಒಟ್ಟಿಗೆ ವೆಚ್ಚ ಮಾಡಿದರೆ ರೆಕ್ಕೆ ಬಡಿದು, ಸುತ್ತ ಹತ್ತು ಅಡಿಯೊಳಗೆ ಸೇವಿಂಗ್ ಥ್ರೋ ತಪ್ಪಿದವರನ್ನು ನೆಲಕ್ಕೆ ಕೆಡವಿ, ತಾನು ನಲವತ್ತು ಅಡಿ ಹಾರಿಹೋಗಬಹುದು.

ಈ ಹಾರಿಹೋಗುವಿಕೆಯನ್ನು ಹಾವೇರಿಯವರಾದ ನಿಮಗೆ ವಿವರಿಸಬೇಕಾದ ಅಗತ್ಯವಿಲ್ಲ. ದೀಪಾವಳಿಯ ನಂತರ ನಿಮ್ಮ ಕಡೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯನ್ನು ನೆನೆಸಿಕೊಳ್ಳಿ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಒಂದೇ, ಅದನ್ನು ಹರಿಯಲು ಚಾಚಿದ ಕೈಗಳು ನೂರಾರು. ಆದರೂ ಎಷ್ಟೋ ಹೋರಿಗಳು ಒಂದು ಬಟ್ಟಲನ್ನೂ ಕಳೆದುಕೊಳ್ಳದೆ ಅಖಾಡ ದಾಟುತ್ತವೆ. ಹೋರಿ ನಿಲ್ಲುವುದಿಲ್ಲ, ಅದು ಮುಂದೆ ಹಾಯ್ದುಹೋಗುವ ಒಂದೆರಡು ಕ್ಷಣವಷ್ಟೇ ಒಬ್ಬೊಬ್ಬನಿಗೆ ಸಿಗುತ್ತದೆ. ಅದೇ ಹೋರಿಯನ್ನು ಹೊಲದ ನಡುವೆ ಗೂಟಕ್ಕೆ ಕಟ್ಟಿದರೆ ಸಣ್ಣ ಹುಡುಗರೂ ಸರ ಬಿಚ್ಚಿಕೊಂಡು ಹೋದಾರು. (ಆ ಸ್ಪರ್ಧೆಯ ಅಪಾಯಗಳ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಅವು ಈ ಅಂಕಣದವಲ್ಲ.) ನಿಮ್ಮ ಬಯಲಿನ ಡ್ರ್ಯಾಗನ್ ಗೂಟದ ಹೋರಿಯಾಗಿತ್ತು.

ಇನ್ನು ಬೆಂಕಿಯುಸಿರಿನ ಲೆಕ್ಕವನ್ನು ತುಸು ಹತ್ತಿರದಿಂದ ನೋಡೋಣ. ಪ್ರಾಯದ ಕೆಂಪು ಡ್ರ್ಯಾಗನ್ ಉಸಿರಿದರೆ ಆರು ಮುಖದ ಹದಿನೆಂಟು ದಾಳ ಉರುಳಿಸಬೇಕು, ಸರಾಸರಿ 63. ಹತ್ತನೇ ಲೆವೆಲ್‌ನ ಮಂತ್ರವಾದಿಯ ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯದ ಅಂಕ) 14 ಇದ್ದರೆ, ಪ್ರತಿ ಲೆವೆಲ್‌ಗೂ ಸರಾಸರಿ ಅಂಕ ತೆಗೆದುಕೊಂಡಾಗ ಅವನ ಹಿಟ್ ಪಾಯಿಂಟ್ 62 ಆಗುತ್ತದೆ. ಒಂದೇ ಅಂಕದ ಅಂತರ! ಸೇವಿಂಗ್ ಥ್ರೋ ಗೆಲ್ಲಲು ಒಟ್ಟು 21 ಬೇಕು. ಅವನ ಡೆಕ್ಸ್‌ಟೆರಿಟಿಯಿಂದ, ಅಂದರೆ ಚುರುಕುತನದಿಂದ, ಸಿಗುವುದು 2 ಮಾತ್ರವಾದರೆ ಇಪ್ಪತ್ತು ಮುಖದ ದಾಳದಲ್ಲಿ 19 ಅಥವಾ 20 ಬೀಳಲೇಬೇಕು. ಗೆದ್ದರೆ ಏಟು ಅರ್ಧಕ್ಕೆ ಇಳಿಯುತ್ತದೆ. ಒಮ್ಮೆ ಉಸಿರಿದ ಮೇಲೆ ಮತ್ತೆ ಉಸಿರಲು, ತನ್ನ ಪಾಳಿಯ ಆರಂಭದಲ್ಲಿ ಒಂದು ದಾಳ ಹಾಕಿ 5 ಅಥವಾ 6 ಪಡೆಯಬೇಕು, ಅಂದರೆ ಮೂರರಲ್ಲಿ ಒಂದು ಸಾಧ್ಯತೆ. ಹಾಗಾಗಿ ನಾಲ್ಕು ಸುತ್ತಿನ ಕಾಳಗದಲ್ಲಿ ಸರಾಸರಿ ಎರಡು ಉಸಿರುಗಳೆಂದು ಲೆಕ್ಕ ಹಿಡಿಯಿರಿ. ನಿಮ್ಮ ಗುಂಪು ಎರಡನ್ನು ತಡೆಯಲಾರದಾದರೆ ದಾಳಗಳನ್ನು ಹನ್ನೆರಡಕ್ಕೆ ಇಳಿಸಿ, ಆಗ ಸರಾಸರಿ 42.

ಉಸಿರು ಹರಡುವುದು 60 ಅಡಿಯ ಶಂಕುವಾಗಿ. ಶಂಕು ಎಷ್ಟು ದೂರ ಹೋಗುತ್ತದೆಯೋ ಆ ದೂರದಲ್ಲಿ ಅಷ್ಟೇ ಅಗಲವಾಗಿರುತ್ತದೆ. ಚೌಕುಳಿ ಹಾಳೆಯ ಒಂದು ಮನೆಯನ್ನು ಐದು ಅಡಿಯೆಂದು ಹಿಡಿದರೆ ಹನ್ನೆರಡು ಮನೆ ಉದ್ದ, ತುದಿಯಲ್ಲಿ ಹನ್ನೆರಡು ಮನೆ ಅಗಲ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಈ ಅಳತೆಯ ತ್ರಿಕೋನ ಕತ್ತರಿಸಿಟ್ಟುಕೊಳ್ಳಿ. ನನ್ನ ಮೇಜಿನ ಮೇಲಿರುವುದರ ಹಿಂಬದಿಯಲ್ಲಿ ‘ಸುಖಾಗಮನ ಬಯಸುವವರು’ ಎಂಬುದು ಇನ್ನೂ ಓದಲು ಸಿಗುತ್ತದೆ. ಅದನ್ನು ನಕ್ಷೆಯ ಮೇಲೆ ಇಟ್ಟ ಕೂಡಲೇ, ಒಂದೇ ಕಡೆ ಗುಂಪಾಗಿ ನಿಂತ ಗೆಳೆಯರು ತಮ್ಮ ಗೊಂಬೆಗಳನ್ನು ದೂರ ದೂರ ಸರಿಸಲು ಕೈ ಚಾಚುತ್ತಾರೆ; ಆಗ ಬಿಡಬೇಡಿ.

ಆದ್ದರಿಂದ ಮುಂದಿನ ಡ್ರ್ಯಾಗನ್‌ಗೆ 260ರಿಂದ 300 ಹಿಟ್ ಪಾಯಿಂಟ್ ಸಾಕು. ಮೂರು ರೆಸಿಸ್ಟೆನ್ಸ್, ಮೂರು ಲೆಜೆಂಡರಿ ಆ್ಯಕ್ಷನ್ ಕೊಡಿ, ಬಯಲನ್ನು ಬಿಡಿ.

ಪ್ರಶ್ನೆ: ಕೆಂಪು, ಹಸಿರು, ಕಪ್ಪು ಡ್ರ್ಯಾಗನ್‌ಗಳನ್ನು ಆಡಿ ಬೇಸರವಾಗಿದೆ. ನಮ್ಮ ನೆಲದ್ದೇ ಎನ್ನಿಸುವ ಡ್ರ್ಯಾಗನ್ ರೂಪಿಸಲು ಎಲ್ಲಿಂದ ತೊಡಗಬೇಕು?
— ಓದುಗ, ಗದಗ

ಉತ್ತರ: ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿಯಿಂದ ತೊಡಗಿ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳ ಮಕರ ತೋರಣಗಳಲ್ಲಿ ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನಂತೆ ಸುರುಳಿಗಟ್ಟಿದ ಬಾಲದ ಮಕರವನ್ನು ಕಾಣುತ್ತೀರಿ. ರೆಕ್ಕೆಯಿಲ್ಲವೆಂದು ಹಿಂಜರಿಯಬೇಡಿ, ಮಕರ ನೀರಿನ ಪ್ರಾಣಿ, ವರುಣನ ವಾಹನ. ಅದಕ್ಕೆ ಹಾರಾಟದ ಬದಲು ಈಜಿನ ವೇಗ ಕೊಡಿ. ಬೆಂಕಿಯ ಶಂಕುವಿನ ಬದಲು, ನೀಲಿ ಡ್ರ್ಯಾಗನ್‌ನ ಮಿಂಚಿನ ಹಾಗೆ 90 ಅಡಿ ಉದ್ದ, 5 ಅಡಿ ಅಗಲದ ನೇರ ಗೆರೆಯಲ್ಲಿ ಸೊಂಡಿಲಿನಿಂದ ಚಿಮ್ಮುವ ನೀರನ್ನು ಕೊಡಿ. ಏಟಿನ ದಾಳಗಳನ್ನು ಮೂರನೇ ಒಂದಕ್ಕೆ ಇಳಿಸಿ, ಅದಕ್ಕೆ ಬದಲಾಗಿ ಸೇವಿಂಗ್ ಥ್ರೋ ಸೋತವರನ್ನು ಇಪ್ಪತ್ತು ಅಡಿ ಹಿಂದಕ್ಕೆ ತಳ್ಳಲಿ.

ತಳ್ಳಿದರೆ ಬೀಳಲು ಜಾಗ ಬೇಕಲ್ಲ, ಅದೂ ಅಲ್ಲೇ ಇದೆ. ‘ನೂರೊಂದು ಗುಡಿ, ನೂರೊಂದು ಬಾವಿ’ ಎಂಬ ಮಾತಿರುವ ಊರು ಅದು. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಒಮ್ಮೆ ನಿಂತು ಕೆಳಗೆ ನೋಡಿ. ಗೋಡೆಯಲ್ಲಿ ಅಲ್ಲಲ್ಲಿ ಅಡಗಿ ನಿಲ್ಲಬಹುದಾದ ಪುಟ್ಟ ಗೂಡುಗುಡಿಗಳು, ನಡುವೆ ನೀರು. ಡ್ರ್ಯಾಗನ್ ತನ್ನ ಬಿಡಾರದಲ್ಲಿದ್ದಾಗ ಪ್ರತಿ ಸುತ್ತಿನಲ್ಲಿ ಇನಿಶಿಯೇಟಿವ್ (ಯಾರ ಪಾಳಿ ಮೊದಲೆಂದು ಗೊತ್ತುಮಾಡುವ ಅಂಕ) 20ಕ್ಕೆ ಆ ಜಾಗವೇ ಒಂದು ಕೆಲಸ ಮಾಡುತ್ತದೆ ಎಂಬ ನಿಯಮ 2014ರ ಪುಸ್ತಕದಲ್ಲಿದೆ. ಇಲ್ಲಿ ಆ ಕೆಲಸವೆಂದರೆ ನೀರು ಒಂದು ಮೆಟ್ಟಿಲು ಮೇಲೇರುವುದು. ಮೊದಲ ಎರಡು ಸುತ್ತಿನಲ್ಲಿ ಯಾರೂ ಅದನ್ನು ಲೆಕ್ಕಿಸುವುದಿಲ್ಲ. ಐದನೆಯದರಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತ ಯೋಧನಿಗೆ, ಮಕರ ಎಲ್ಲಿದೆಯೆಂಬುದೇ ಕಾಣುವುದಿಲ್ಲ. ಹಾರುವ ಡ್ರ್ಯಾಗನ್ನೇ ಬೇಕೆಂದರೆ ಕಪ್ಪತಗುಡ್ಡವಿದೆ: ಗಾಳಿಯಂತ್ರಗಳು ತಿರುಗುವಷ್ಟು ಗಾಳಿ, ಹಿಂದೆ ಚಿನ್ನದ ಗಣಿಗಾರಿಕೆ ನಡೆದಿದ್ದ ನೆಲ. ಡ್ರ್ಯಾಗನ್‌ಗೆ ಇನ್ನೇನು ಬೇಕು?

ಪ್ರಶ್ನೆ: ನನ್ನ ಡ್ರ್ಯಾಗನ್‌ನ ಎದುರು ನಾಲ್ವರೂ ಸತ್ತರು, ಅವರಲ್ಲೊಬ್ಬಳು ಆಮೇಲೆ ಆಟಕ್ಕೇ ಬರುತ್ತಿಲ್ಲ. ಅದು ಎಷ್ಟು ಬಲಿಷ್ಠವೆಂದು ಮೊದಲೇ ಹೇಳಬೇಕಿತ್ತೇ?
— ಓದುಗಿ, ಧಾರವಾಡ

ಉತ್ತರ: ಅಂಕಿಗಳನ್ನು ಹೇಳಬೇಕಿಲ್ಲ, ಕುರುಹುಗಳನ್ನು ತೋರಿಸಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿ ಕಣ್ಣಿಗೆ ಕೆಂಡದಂತಿದ್ದರೂ ಅದರ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಗುಂಟೂರಿನದು ಅದರ ತದ್ವಿರುದ್ಧ. ಅಡುಗೆಮನೆಯಲ್ಲಿ ಬೆಳೆದವರಿಗೆ ಇದು ನೋಡಿದರೆ ತಿಳಿಯುತ್ತದೆ, ಆಟಗಾರರಿಗೆ ನೀವು ತಿಳಿಸಿಕೊಡದೆ ತಿಳಿಯದು. ಕಾಳಗಕ್ಕೆ ಎರಡು ವಾರ ಮೊದಲೇ, ಕರಗಿ ನೆಲಕ್ಕೆ ಹರಿದು ಗಟ್ಟಿಯಾದ ಗುಡಿಯ ಗಂಟೆಯೊಂದನ್ನು ಅವರ ದಾರಿಯಲ್ಲಿ ಇಡಿ. ಅವರಿಗಿಂತ ಬಲಿಷ್ಠನೆಂದು ಅವರೇ ಬಲ್ಲ ಒಬ್ಬ ಯೋಧನ ಗುರಾಣಿ ಮಾತ್ರ ಸಿಗಲಿ. ಓಡಿಹೋಗಲು ಒಂದು ದಾರಿಯನ್ನು ನಕ್ಷೆಯಲ್ಲಿ ಬರೆದಿಡಿ, ಓಡಿದವರನ್ನು ಡ್ರ್ಯಾಗನ್ ಅಟ್ಟಿಸಿಕೊಂಡು ಹೋಗದಿರಲು ಅದಕ್ಕೊಂದು ಕಾರಣವನ್ನೂ ಕೊಡಿ, ಬಿಡಾರದಲ್ಲಿ ಮೊಟ್ಟೆಯಿರಬಹುದು. ಬಾರದಿರುವ ಗೆಳತಿಗೆ ಫೋನ್ ಮಾಡಿ, ಹೊಸ ಪಾತ್ರ ಬೇಕೋ, ಹಳೆಯದನ್ನೇ ಬದುಕಿಸುವ ಕಥೆ ಬೇಕೋ ಎಂದು ಕೇಳಿ.

ಪ್ರಶ್ನೆ: ಇಷ್ಟೊಂದು ದಾಳಗಳನ್ನು ಎಲ್ಲಿಂದ ತರುವುದು?
— ಓದುಗ, ಹುಬ್ಬಳ್ಳಿ

ಉತ್ತರ: ಹದಿನೆಂಟು ದಾಳ ಹಾಕಲೇಬೇಕೆಂದಿಲ್ಲ, ಸರಾಸರಿ 63ನ್ನೇ ಬಳಸಬಹುದು, ಪುಸ್ತಕದಲ್ಲೂ ಅದನ್ನೇ ಮೊದಲು ಮುದ್ರಿಸಿರುತ್ತಾರೆ. ಹಾಕುವ ಆಸೆಯಿದ್ದರೆ ಲೂಡೋ ಡಬ್ಬಿಯ ಒಂದೇ ದಾಳವನ್ನು ಹದಿನೆಂಟು ಸಲ ಹಾಕಿ ಕೂಡಿಸಿ. ಒಂದು ದಾಳ ಹಾಕಿ ಹದಿನೆಂಟರಿಂದ ಗುಣಿಸಬೇಡಿ, ಏಕೆಂದರೆ ಆಗ ಆರರಲ್ಲಿ ಒಂದು ಸಲ 108 ಬಂದು ಇಡೀ ಗುಂಪು ಬೂದಿಯಾಗುತ್ತದೆ. ಇಪ್ಪತ್ತು ಮುಖದ ದಾಳ ಸಿಗದಿದ್ದರೆ 1ರಿಂದ 20ರವರೆಗೆ ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತಬಹುದು. ಎತ್ತಿದ ಚೀಟಿಯನ್ನು ಪ್ರತಿ ಸಲವೂ ತಿರುಗಿ ಡಬ್ಬಿಗೆ ಹಾಕಿ ಕುಲುಕುವುದನ್ನು ಮಾತ್ರ ಮರೆಯಬೇಡಿ.