ಕುಲಪತಿ ಕುರ್ಚಿ ಆಮೇಲೆ, ಮೊದಲು ಭೂಗೋಳ

ತುಮಕೂರಿನಲ್ಲಿ ಭೂಗೋಳದ ಮೇಷ್ಟ್ರಾಗಿ ಈಗಷ್ಟೇ ಸೇರಿದ್ದೀರಿ, ಮುಂದೆ ಕುಲಪತಿ ಆಗಬೇಕು, ಅದಕ್ಕೆ ಈಗಿಂದಲೇ ಆಡಳಿತದ ಕೆಲಸ ಹಿಡಿಯಲಾ ಎಂದು ಕೇಳಿದ್ದೀರಿ. ಬೇಡ. ನಾನು ಹಿಡಿದಿದ್ದೆ, ಇದೇ ಊರಲ್ಲಿ, ಇದೇ ಆಸೆಯಿಂದ.

ಪರೀಕ್ಷಾ ವಿಭಾಗಕ್ಕೆ ಬನ್ನಿ ಎಂದರು, ಹೋದೆ. ಆಮೇಲೆ ಹಾಸ್ಟೆಲ್, ಆಮೇಲೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲು. ಪಿಎಚ್.ಡಿ. ಆಗಿತ್ತು, ಆದರೆ ನನ್ನ ಕೈಕೆಳಗೆ ಸಂಶೋಧನೆಗೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಪೆಟ್ಟು ಬಿದ್ದದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ಕುಲಪತಿ ಹುದ್ದೆಗೆ ಕೇಳುವುದು ಪ್ರೊಫೆಸರ್ ಆಗಿ ಕನಿಷ್ಠ 10 ವರ್ಷ. ಹೆಸರಾಂತ ಸಂಶೋಧನಾ ಅಥವಾ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಅಷ್ಟೇ ವರ್ಷ ಕೆಲಸ ಮಾಡಿ ಮುಂದಾಳತ್ವ ತೋರಿಸಿದ್ದರೂ ನಡೆಯುತ್ತದೆ, ಆದರೆ ಹಾಸ್ಟೆಲ್ ನೋಡಿಕೊಂಡದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ನೇರ ನೇಮಕದಲ್ಲಿ ಪ್ರೊಫೆಸರ್ ಆಗಬೇಕಾದರೆ 10 ಸಂಶೋಧನಾ ಪ್ರಬಂಧ ಪ್ರಕಟವಾಗಿರಬೇಕು, ಪಿಎಚ್.ಡಿ. ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿ ಮುಗಿಸಿರಬೇಕು. ವಿದ್ಯಾರ್ಥಿಯೇ ಇಲ್ಲದವನಿಗೆ ಮುಗಿಸುವುದೇನು? ನನ್ನ ಜೊತೆಯವರು ಪ್ರೊಫೆಸರ್ ಆದರು. ನಾನು ಆಗುವ ಹೊತ್ತಿಗೆ ನಿವೃತ್ತಿಗೆ 10 ವರ್ಷ ಉಳಿದಿರಲಿಲ್ಲ.

ನಮ್ಮಲ್ಲಿ ಶೋಧನಾ ಸಮಿತಿ ಹೆಸರು ಕೊಡುತ್ತದೆ, ರಾಜ್ಯಪಾಲರು ನೇಮಿಸುತ್ತಾರೆ, ಸಿಗುವುದು 4 ವರ್ಷ. ಅದನ್ನೇ ಗುರಿ ಮಾಡಿಕೊಂಡು ಬದುಕುವುದು ನನಗಂತೂ ಸರಿ ಕಾಣುವುದಿಲ್ಲ. ಮೂನಿಸ್ ರಜಾ ಅವರನ್ನೇ ನೋಡಿ. ಭೂಗೋಳಜ್ಞರು. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಪ್ರಾದೇಶಿಕ ಅಭಿವೃದ್ಧಿ ಅಧ್ಯಯನ ಕೇಂದ್ರ ಕಟ್ಟಿದರು, ಆಮೇಲೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾದರು. ಮೊದಲು ವಿಷಯ, ಆಮೇಲೆ ಕುರ್ಚಿ.

ನಿಮ್ಮ ಪಕ್ಕದಲ್ಲೇ ದೇವರಾಯನದುರ್ಗ ಇದೆ ಅಲ್ವಾ? 1:50,000ರ ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ, ಹಿಡಿದು ಮಕ್ಕಳನ್ನು ಅಲ್ಲಿಗೆ ಹತ್ತಿಸಿ. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪೆನ್ನಾರ್ ಸೇರುತ್ತದೆ, ಶಿಂಷಾ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ನಕ್ಷೆಯಲ್ಲಿ ಎತ್ತರ ತೋರಿಸುವ, ಒತ್ತೊತ್ತಾಗಿ ಸುತ್ತಿದ ಕಂದು ಗೆರೆಗಳ ಮೇಲೆ ಬೆರಳಿಟ್ಟು, ಮಳೆ ನೀರು ಎಲ್ಲಿ ಎರಡಾಗುತ್ತದೆ ಎಂದು ಒಬ್ಬ ಹುಡುಗಿ ತಾನೇ ಕಂಡುಹಿಡಿದಾಗ ನನಗಾದ ಖುಷಿ ಯಾವ ಫೈಲಿನಿಂದಲೂ ಆಗಲಿಲ್ಲ.

ಆಡಳಿತಕ್ಕೆ ಕರೆದರೆ, ಮೊದಲ ವಿದ್ಯಾರ್ಥಿಯ ಪಿಎಚ್.ಡಿ. ವೈವಾ (ಮೌಖಿಕ ಪರೀಕ್ಷೆ) ಮುಗಿಯಲಿ ಎಂದು ನೇರವಾಗಿ ಹೇಳಿ. ಸಂಶೋಧನೆಗೆ ವಿಷಯಕ್ಕೆ ಬರವಿಲ್ಲ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್, ಸುಮಾರು 13,000 ಎಕರೆ, ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಅಲ್ಲಿ ಕೂಲಿ ಎಲ್ಲಿಗೆ ಹೋಯಿತು, ಕುರಿ ಎಲ್ಲಿ ಮೇಯುತ್ತಿವೆ, ಗುತ್ತಿಗೆ ಹಣ ಯಾರ ಕೈಗೆ ಬರುತ್ತಿದೆ? ಊರೂರು ಸುತ್ತಿ ನಕ್ಷೆ ಮಾಡಬೇಕಾದ ಕೆಲಸ ಇದು. ಒಬ್ಬ ವಿದ್ಯಾರ್ಥಿಯನ್ನು ಕರೆದುಕೊಂಡು ಪಾರ್ಕಿನ ಹಳ್ಳಿ ತಿರುಮಣಿಯಿಂದ ಶುರು ಮಾಡಿ.