ಸಾಲ–ಸೋಲ: ‘ಹೆಸರು ಹಾಕಬೇಡಿ’ ಎಂದವರಿಗೆ

ಈ ತಿಂಗಳು ಆರಿಸಿಕೊಂಡ ನಾಲ್ಕು ಪತ್ರಗಳಲ್ಲಿ ಮೂರರ ಕೊನೆಯ ಸಾಲು ಒಂದೇ: ‘ದಯವಿಟ್ಟು ಹೆಸರು ಹಾಕಬೇಡಿ, ಮನೆಯಲ್ಲಿ ಗೊತ್ತಿಲ್ಲ.’ ಹಾಕಿಲ್ಲ. ಆದರೆ ಆ ಸಾಲಿನ ಬಗ್ಗೆಯೇ ನನಗೊಂದು ತಕರಾರಿದೆ.

ಪ್ರಶ್ನೆ: ತುರ್ತಾಗಿ ಸಾಲ ಬೇಕಿತ್ತು. ಫೋನಿನಲ್ಲೇ ಐದು ನಿಮಿಷದಲ್ಲಿ ಮಂಜೂರಾಯಿತೆಂದರು. ಮೊದಲು ಪರಿಶೀಲನಾ ಶುಲ್ಕ, ಆಮೇಲೆ ವಿಮೆ, ಆಮೇಲೆ ತೆರಿಗೆ ಎಂದು ಮೂರು ಸಲ ಹಣ ಕಟ್ಟಿದೆ. ಸಾಲ ಬರಲಿಲ್ಲ. ಈಗ ವಕೀಲರೊಬ್ಬರು ತಾವಾಗಿಯೇ ಕರೆ ಮಾಡಿ, ‘ಹತ್ತನೇ ಒಂದು ಭಾಗ ಮುಂಗಡ ಕೊಡಿ, ವಂಚಕರಿಂದ ಪೂರ್ತಿ ಹಣ ವಾಪಸ್ ಕೊಡಿಸುತ್ತೇನೆ’ ಎನ್ನುತ್ತಿದ್ದಾರೆ. ನಾನು ಕಳೆದುಕೊಂಡ ಮೊತ್ತ, ತಾರೀಖು ಎಲ್ಲವನ್ನೂ ಸರಿಯಾಗಿ ಹೇಳಿದರು. ನಂಬಬಹುದೇ?

ಉತ್ತರ: ಬಿಡಿಗಾಸನ್ನೂ ಕೊಡಬೇಡಿ ತಾಯಿ. ನಡೆದದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲವೆಂದು ನೀವೇ ಬರೆದಿದ್ದೀರಿ. ಹಾಗಾದರೆ ಮೊತ್ತವೂ ತಾರೀಖೂ ಗೊತ್ತಿರುವುದು ಇಬ್ಬರಿಗೆ, ನಿಮಗೆ ಮತ್ತು ಕಿತ್ತುಕೊಂಡವನಿಗೆ. ‘ವಕೀಲರು’ ಅವನೇ ಆಗಿರಬಹುದು, ಅವನಿಂದ ಪಟ್ಟಿ ಕೊಂಡವನಾಗಿರಬಹುದು. ಒಮ್ಮೆ ಮೋಸ ಹೋದವರ ಹೆಸರು, ಫೋನ್ ಸಂಖ್ಯೆಗಳನ್ನು ವಂಚಕರು ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರೆ. ಕಳೆದುಕೊಂಡದ್ದನ್ನು ಮರಳಿ ಪಡೆಯುವ ಆಸೆ ಹೊಸದನ್ನು ಗಳಿಸುವ ಆಸೆಗಿಂತ ಬಲವಾದದ್ದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ನಾನು ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ 26 ವರ್ಷ ಕುಳಿತವನು. ಸಾಲ ಕೊಡುವವನನ್ನು ರಾತ್ರಿ ನಿದ್ದೆಗೆಡಿಸುವ ಚಿಂತೆ ಒಂದೇ, ಕೊಟ್ಟದ್ದು ವಾಪಸ್ ಬರುತ್ತದೆಯೇ ಎಂಬುದು. ಅದಕ್ಕೇ ಸಂಬಳ ಎಷ್ಟು, ಹಳೆಯ ಸಾಲ ಎಷ್ಟು ಎಂದು ಪೀಡಿಸಿ ಕೇಳುತ್ತಾನೆ. ಏನನ್ನೂ ಕೇಳದೆ ಮಂಜೂರು ಮಾಡಿದವನಿಗೆ ಆ ಚಿಂತೆಯೇ ಇಲ್ಲ, ಏಕೆಂದರೆ ಅವನು ಕೊಡುವವನೇ ಅಲ್ಲ. ನಿಜವಾದ ಸಾಲಕ್ಕೂ ಶುಲ್ಕ ಇರುತ್ತದೆ. ಆದರೆ ಯಾವುದೋ ವ್ಯಕ್ತಿಯ ಖಾಸಗಿ ಖಾತೆಗೆ ಕಟ್ಟಿ ಎಂದು ಯಾವ ಬ್ಯಾಂಕೂ ಹೇಳುವುದಿಲ್ಲ.

ಈ ಆಟ ಹೊಸದೇನಲ್ಲ. 19ನೇ ಶತಮಾನದಲ್ಲಿ ‘ಸ್ಪೇನಿನ ಕೈದಿ’ ಎಂಬ ಹೆಸರಿನಲ್ಲಿ ಇದು ಅಂಚೆಯ ಮೂಲಕ ನಡೆಯುತ್ತಿತ್ತು. ಶ್ರೀಮಂತನೊಬ್ಬ ಸ್ಪೇನಿನ ಸೆರೆಮನೆಯಲ್ಲಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕಳಿಸಿದರೆ ಸಂಪತ್ತಿನಲ್ಲಿ ಪಾಲು ಸಿಗುತ್ತದೆ ಎಂದು ಕಾಗದ ಬರುತ್ತಿತ್ತು. ಹಣ ಕಳಿಸಿದರೆ ಹೊಸ ಅಡಚಣೆ, ಮತ್ತೆ ಹಣ. ಜೊತೆಗೆ ಒಂದು ವಿನಂತಿ: ವಿಷಯ ಗುಟ್ಟಾಗಿರಲಿ. ಆ ವಿನಂತಿಯೇ ಇಡೀ ವ್ಯಾಪಾರದ ಬಂಡವಾಳ. ಪಕ್ಕದ ಕೋಣೆಯಲ್ಲಿರುವ ಒಬ್ಬರಿಗೆ ಕಾಗದ ತೋರಿಸಿದ್ದರೂ ಅರ್ಧಕ್ಕರ್ಧ ಮಂದಿ ಉಳಿದುಕೊಳ್ಳುತ್ತಿದ್ದರೇನೋ. ಈಗಿನವರು ಗುಟ್ಟಾಗಿಡಿ ಎಂದು ಕೇಳುವ ಕಷ್ಟವನ್ನೂ ತೆಗೆದುಕೊಳ್ಳಬೇಕಾಗಿಲ್ಲ. ನಾಚಿಕೆಯಿಂದ ನಾವೇ ಬಾಯಿ ಮುಚ್ಚಿಕೊಂಡಿರುತ್ತೇವೆ.

ಇಂದೇ ನಿಮ್ಮ ಬ್ಯಾಂಕಿಗೂ ಪೊಲೀಸರಿಗೂ ಲಿಖಿತ ದೂರು ಕೊಡಿ. ‘ಸಾಲಕ್ಕಾಗಿ’ ಗುರುತಿನ ಚೀಟಿಯ ನಕಲನ್ನೂ ಕಳಿಸಿರುತ್ತೀರಿ. ಅದನ್ನು ಬಳಸಿ ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಬಹುದು. ಆದ್ದರಿಂದ ನಿಮ್ಮ ಹೆಸರಿನಲ್ಲಿರುವ ಸಾಲಗಳನ್ನೆಲ್ಲ ಪಟ್ಟಿ ಮಾಡುವ ಕ್ರೆಡಿಟ್ ವರದಿಯನ್ನು ತರಿಸಿ ನೋಡಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡಿ. ಗುರುತಿಲ್ಲದ ಸಾಲ ಕಂಡರೆ ವರದಿ ಕೊಟ್ಟ ಸಂಸ್ಥೆಗೂ ಆ ಸಾಲದಾತನಿಗೂ ಅಂದೇ ಆಕ್ಷೇಪಣೆ ಬರೆಯಿರಿ.

ಪ್ರಶ್ನೆ: ಎರಡು ವರ್ಷದಿಂದ ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತವನ್ನು ಒಂದು ತಿಂಗಳೂ ತಪ್ಪಿಸದೆ ಕಟ್ಟಿದ್ದೇನೆ. ಬಾಕಿ ಕರಗುತ್ತಲೇ ಇಲ್ಲ. ಬ್ಯಾಂಕಿನವರು ಮೋಸ ಮಾಡುತ್ತಿದ್ದಾರೆಯೇ? ಹೆಂಡತಿಗೆ ಹೇಳಿಲ್ಲ.

ಉತ್ತರ: ಮೋಸವಿಲ್ಲ, ಲೆಕ್ಕ. ಬಿಲ್ಲಿನಲ್ಲಿ ಅಚ್ಚಾಗಿರುವ ಆ ‘ಕನಿಷ್ಠ ಮೊತ್ತ’ವನ್ನು ಹೆಚ್ಚಿನವರು ಬ್ಯಾಂಕಿನ ಸಲಹೆ ಎಂದುಕೊಳ್ಳುತ್ತಾರೆ. ಅಷ್ಟು ಕಟ್ಟಿದರೆ ದಂಡ ಬೀಳುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಸಾಲ ತೀರುತ್ತದೆ ಎಂದು ಯಾರೂ ಹೇಳಿಲ್ಲ.

ಕಾಗದ, ಪೆನ್ನು ತೆಗೆದುಕೊಳ್ಳಿ. ಬಾಕಿ 1,00,000, ಬಡ್ಡಿ ತಿಂಗಳಿಗೆ ಶೇ. 3, ಕನಿಷ್ಠ ಮೊತ್ತ ಬಾಕಿಯ ಶೇ. 5 ಎಂದಿಟ್ಟುಕೊಳ್ಳೋಣ. ಮೊದಲ ತಿಂಗಳು ಬಡ್ಡಿ ಸೇರಿ 1,03,000. ನೀವು ಕಟ್ಟುವುದು 5,150. ಉಳಿದದ್ದು 97,850. ಅಂದರೆ 5,150 ಕೊಟ್ಟು 2,150ರಷ್ಟು ಸಾಲ ಇಳಿಸಿದಿರಿ. ಮುಂದಿನ ತಿಂಗಳು ಕನಿಷ್ಠ ಮೊತ್ತವೂ ತುಸು ಚಿಕ್ಕದಾಗುತ್ತದೆ, ಇಳಿಯುವ ವೇಗವೂ ಅಷ್ಟೇ ಕುಂಟುತ್ತದೆ. ಹೀಗೇ ಹೋದರೆ ಬಾಕಿ ಅರ್ಧವಾಗಲು 32 ತಿಂಗಳು ಬೇಕು. ಅಷ್ಟರಲ್ಲಿ ನಿಮ್ಮ ಕೈಯಿಂದ ಹೋದದ್ದು ಸುಮಾರು 1,20,000. ಪಡೆದ ಸಾಲಕ್ಕಿಂತ ಹೆಚ್ಚು ಕಟ್ಟಿದ್ದೀರಿ, ಅರ್ಧ ಸಾಲ ಇನ್ನೂ ತಲೆಯ ಮೇಲಿದೆ! ಹತ್ತನೇ ಒಂದು ಭಾಗಕ್ಕೆ ಇಳಿಯುವ ಹೊತ್ತಿಗೆ ಒಂಬತ್ತು ವರ್ಷ ಹತ್ತಿರವಾಗಿರುತ್ತದೆ. ಇದೆಲ್ಲ ಕಾರ್ಡನ್ನು ಮತ್ತೆ ಮುಟ್ಟದೇ ಇದ್ದರೆ. ಮುಟ್ಟುತ್ತಿದ್ದೀರಿ ಎಂದು ನನ್ನ ಊಹೆ. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೆ ಸಾಮಾನ್ಯವಾಗಿ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಸಿಗುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ತಿಂಗಳಿಗೆ ಶೇ. 3 ಎಂದರೆ ವರ್ಷಕ್ಕೆ 36 ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಚಕ್ರಬಡ್ಡಿಯಲ್ಲಿ ಅದು 42.6 ಆಗುತ್ತದೆ.

ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಅದೇ ಬ್ಯಾಂಕಿಗೆ ಹೋಗಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿನ ಸಾಲವಾಗಿ ಬದಲಾಯಿಸಿಕೊಡುವಂತೆ ಕೇಳಿ. ನಿಯಮಿತವಾಗಿ ಕಟ್ಟುತ್ತಾ ಬಂದವರ ಮಾತಿಗೆ ಅಲ್ಲಿ ಬೆಲೆಯಿದೆ. ಆದರೆ ಕಟ್ಟಲು ತಪ್ಪುವ ಮುಂಚೆ ಹೋಗಬೇಕು. ಎರಡನೇ ಕಾರ್ಡಿನಿಂದ ಮೊದಲನೆಯದನ್ನು ತೀರಿಸುವ ಜಾಣತನ ಬೇಡ, ಬಾಣಲೆಯಿಂದ ಬೆಂಕಿಗೆ ಬಿದ್ದವರನ್ನು ಸಾಕಷ್ಟು ಕಂಡಿದ್ದೇನೆ.

ಮತ್ತೆ ಹೆಂಡತಿಯ ವಿಷಯ. ನನ್ನ ಮೇಜಿನ ಮುಂದೆ ಗಂಡ–ಹೆಂಡತಿ ಜೊತೆಯಾಗಿ ಬಂದು ಕುಳಿತರೆ ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಒಬ್ಬರೇ ಬಂದವರು ಸಾಲದ ಒಂದು ಪಾಲನ್ನು ನನ್ನಿಂದಲೂ ಮುಚ್ಚಿಡುತ್ತಿದ್ದರು. ಎರಡು ತಿಂಗಳ ಮೇಲೆ ಅದು ಹೊರಬಂದು, ಮಾಡಿದ ಏರ್ಪಾಡೆಲ್ಲ ಕುಸಿಯುತ್ತಿತ್ತು. ಮನೆಯ ಅರ್ಧ ಖರ್ಚು ಮಾಡುವವರಿಗೆ ಸಾಲ ಇರುವುದೇ ತಿಳಿಯದಿದ್ದರೆ ಖರ್ಚು ಕಡಿಮೆ ಮಾಡುವುದು ಹೇಗೆ ಸ್ವಾಮಿ?

ಪ್ರಶ್ನೆ: ಬ್ಯಾಂಕಿನಿಂದ ಎಂದು ಕರೆ ಬಂತು. ನಂಬಿಕೆ ಬರಲೆಂದು ನನ್ನ ಕಾರ್ಡಿನ ಮೊದಲ ಆರು ಅಂಕಿಗಳನ್ನು ಅವರೇ ಹೇಳಿದರು. ಒಟಿಪಿ ಹೇಳಿಬಿಟ್ಟೆ. ಬ್ಯಾಂಕಿನವರಲ್ಲದವರಿಗೆ ಅಂಕಿಗಳು ಹೇಗೆ ತಿಳಿದವು?

ಉತ್ತರ: ಆ ಅಂಕಿಗಳು ನಿಮ್ಮವಲ್ಲ, ಬ್ಯಾಂಕಿನವು. ಕಾರ್ಡಿನ ಆರಂಭದ ಅಂಕಿಗಳು ಅದನ್ನು ಕೊಟ್ಟ ಸಂಸ್ಥೆಯನ್ನು ಸೂಚಿಸುತ್ತವೆ. ಅದೇ ಬ್ಯಾಂಕಿನ ಅದೇ ಬಗೆಯ ಸಾವಿರಾರು ಕಾರ್ಡುಗಳಲ್ಲಿ ಅವು ಒಂದೇ ಆಗಿರುತ್ತವೆ. ಅವನು ಹೇಳಿದ್ದು ಯಾರಿಗೂ ತಿಳಿಯಬಹುದಾದದ್ದನ್ನು, ಕೇಳಿದ್ದು ನಿಮಗೊಬ್ಬರಿಗೇ ತಿಳಿದಿರುವುದನ್ನು. ಪರದೆಯ ಮೇಲೆ ಬ್ಯಾಂಕಿನ ಹೆಸರೇ ಕಂಡರೂ ನಂಬಬೇಡಿ, ಅದನ್ನು ನಕಲಿ ಮಾಡಬಹುದು. ಕರೆಯನ್ನು ಕತ್ತರಿಸಿ, ಕಾರ್ಡಿನ ಹಿಂಭಾಗದ ಸಂಖ್ಯೆಗೆ ನೀವೇ ಕರೆ ಮಾಡಿ.

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ನಿವೃತ್ತಿಯಾದ ಮರುವರ್ಷ, ಬರಬೇಕಿದ್ದ ಪಾರ್ಸೆಲ್ಲಿನ ಹೆಸರಿನಲ್ಲಿ ಬಂದ ಕೊಂಡಿಯನ್ನು ಒತ್ತಿ ಕಾರ್ಡಿನ ವಿವರ ತುಂಬಿದವನು ನಾನು. ಹೋದದ್ದು ಚಿಲ್ಲರೆ ಮೊತ್ತ. ಬ್ಯಾಂಕಿನಲ್ಲಿದ್ದವನೇ ಟೋಪಿ ಹಾಕಿಸಿಕೊಂಡೆ ಎಂದು ಮನೆಯವಳಿಗೆ ಹೇಳಲು ನಾಚಿಕೆಯಾಯಿತು. ಮೂರು ದಿನ ಸುಮ್ಮನಿದ್ದೆ, ಕಾರ್ಡನ್ನು ಬ್ಲಾಕ್ ಮಾಡಿಸಲೂ ಇಲ್ಲ, ಕರೆ ಮಾಡಿದರೆ ಅವಳಿಗೆ ಕೇಳಿಸೀತೆಂದು. ಆ ಚಿಲ್ಲರೆ ಮೊತ್ತ ಕಾರ್ಡ್ ಜೀವಂತವಾಗಿದೆಯೇ ಎಂದು ನೋಡಲು ಮಾಡಿದ ಪರೀಕ್ಷೆ. ದೊಡ್ಡ ಮೊತ್ತ ಮೂರನೇ ದಿನ ಹೋಯಿತು.

ನೀವು ಈ ಪತ್ರ ಬರೆಯುವ ಮೊದಲೇ ಬ್ಯಾಂಕಿಗೆ ಕರೆ ಮಾಡಿದ್ದೀರಿ ಎಂದುಕೊಳ್ಳುತ್ತೇನೆ. ಇಲ್ಲದಿದ್ದರೆ ಪತ್ರಿಕೆಯನ್ನು ಕೆಳಗಿಟ್ಟು ಮಾಡಿ.

ಪ್ರಶ್ನೆ: ನನ್ನ ಕ್ರೆಡಿಟ್ ವರದಿಯನ್ನು ನಾನೇ ನೋಡಿದರೆ ಸ್ಕೋರ್ (ಸಾಲ ತೀರಿಸುವ ನಂಬಿಕೆಗೆ ಕೊಡುವ ಅಂಕ) ಇಳಿಯುತ್ತದೆಯೇ? ಹಳೆಯ ಕಾರ್ಡನ್ನು ಮುಚ್ಚಿದರೆ ಏರುತ್ತದೆಯೇ?

ಉತ್ತರ: ಇಳಿಯುವುದಿಲ್ಲ, ಏರುವುದಿಲ್ಲ. ಸ್ವಂತ ವರದಿ ನೋಡುವುದಕ್ಕೆ ಅಂಕ ಕಡಿತವಿಲ್ಲ. ಹತ್ತು ಕಡೆ ಸಾಲಕ್ಕೆ ಅರ್ಜಿ ಹಾಕಿ, ಹತ್ತು ಸಾಲದಾತರು ನೋಡಿದರೆ ಇಳಿಯಬಹುದು. ಲೆಕ್ಕಾಚಾರ ಒಂದೊಂದು ಸಂಸ್ಥೆಯದು ಒಂದೊಂದು ಬಗೆ. ಅಮೆರಿಕದಲ್ಲಿ 1989ರಲ್ಲಿ ಬಂದ ಫೈಕೊ ಸ್ಕೋರಿನಲ್ಲಿ ಸಮಯಕ್ಕೆ ಸರಿಯಾಗಿ ಕಟ್ಟಿದ ಇತಿಹಾಸಕ್ಕೆ ಶೇ. 35, ಬಾಕಿಯ ಪ್ರಮಾಣಕ್ಕೆ ಶೇ. 30 ತೂಕ. ಹಳೆಯ ಕಾರ್ಡನ್ನು ಮುಚ್ಚಿದರೆ ನಿಮ್ಮ ಒಟ್ಟು ಮಿತಿ ಕುಗ್ಗಿ, ಇರುವ ಬಾಕಿಯೇ ದೊಡ್ಡದಾಗಿ ಕಾಣುತ್ತದೆ. ವಾರ್ಷಿಕ ಶುಲ್ಕವಿಲ್ಲದಿದ್ದರೆ ಇರಲಿ.

ನಾಲ್ವರಲ್ಲಿ ಹೆಸರು ಹಾಕಿದರೆ ಅಭ್ಯಂತರವಿಲ್ಲ ಎಂದು ಬರೆದವರು ಇವರೊಬ್ಬರೇ. ಸಂತೋಷವಾಯಿತು. ಆದರೆ ಉತ್ತರ ಸುಲಭವಾಗಲೆಂದು ಕಾರ್ಡಿನ ಎರಡೂ ಬದಿಯ ನಕಲನ್ನು ಪತ್ರದ ಜೊತೆ ಲಗತ್ತಿಸಿದ್ದಾರೆ. ಅದನ್ನು ಚೂರುಚೂರಾಗಿ ಹರಿದಿದ್ದೇನೆ, ಹೆಸರನ್ನೂ ಕೈಬಿಟ್ಟಿದ್ದೇನೆ. ಮಹನೀಯರೇ, ಆ ಕಾರ್ಡನ್ನು ಬದಲಾಯಿಸಿಕೊಳ್ಳಿ.