ಬೂಷ್ಟಿನ ಜೊತೆಗೆ ಹೊಳಪೂ ಹೋಯಿತು

ಪ್ರಶ್ನೆ: ಸ್ನಾನದ ಮನೆಗೆ ತಿಳಿಬಿಳಿ ಮಾರ್ಬಲ್ ಹಾಕಿಸಿ ನಾಲ್ಕು ವರ್ಷವಾಯಿತು. ಶವರ್ ಕೆಳಗಿನ ಮೂಲೆಯಲ್ಲಿ, ಕಲ್ಲುಗಳ ಸಂದಿಯಲ್ಲಿ ಕಪ್ಪು ಚುಕ್ಕೆಗಳು ಹಬ್ಬುತ್ತಿವೆ. ವಿನೆಗರ್ ಹಾಕಿ ಉಜ್ಜಿದೆ. ಹದಿನೈದೇ ದಿನಕ್ಕೆ ಚುಕ್ಕೆಗಳು ಮರಳಿ ಬಂದವು, ಉಜ್ಜಿದ ಜಾಗವೆಲ್ಲ ಮಂಕಾಯಿತು. ಇನ್ನೂ ಗಟ್ಟಿಯಾದ ಆಸಿಡ್ ಹಾಕಬಹುದೇ?

ಉತ್ತರ: ಬೇಡ. ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಇದನ್ನು ಓದುತ್ತಿದ್ದರೆ ಮೊದಲು ಮುಚ್ಚಳ ಹಾಕಿಬಿಡಿ.

ಆ ಮಂಕು ಕೊಳೆಯಿಂದ ಬಂದದ್ದಲ್ಲ, ಕಲ್ಲಿಗೇ ಆಗಿರುವ ಗಾಯ. ಮಾರ್ಬಲ್ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಸಿಡ್, ಯಾವ ಹುಳಿ ತಗುಲಿದರೂ ಅದರ ಮೇಲ್ಮೈ ಕರಗುತ್ತದೆ. ಸುಣ್ಣಕಲ್ಲು, ಟ್ರಾವರ್ಟೀನ್ ಕೂಡ ಇದೇ ಜಾತಿ. ನಾನು ಪಾಲಿಶ್ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ, ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ, ಹೊಸ ಮಾರ್ಬಲ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿದೆ. ಸುಯ್ಯೆಂದು ನೊರೆ ಎದ್ದಿತು. ಭಲೇ, ಕೆಲಸ ನಡೆಯುತ್ತಿದೆ ಎಂದುಕೊಂಡೆ. ಒರೆಸಿ ನೋಡಿದರೆ ಆಸಿಡ್ ಹರಿದ ದಾರಿಯಷ್ಟೂ ನದಿಯ ನಕಾಶೆಯಂತೆ ಅಚ್ಚೊತ್ತಿತ್ತು. ಮೇಸ್ತ್ರಿ ಬೈಯಲಿಲ್ಲ, ಪಾಲಿಶ್ ಕಲ್ಲನ್ನು ಕೈಗೆ ಕೊಟ್ಟು ಹೋದರು. ಮೂರು ದಿನ ಕುಕ್ಕರಗಾಲಿನಲ್ಲಿ ಕೂತು ಆ ನದಿಯನ್ನು ಉಜ್ಜಿ ಅಳಿಸಿದೆ. ನಿಮ್ಮ ಮಂಕಿಗೂ ಅದೇ ಮದ್ದು. ಅಂಗೈಯಗಲದ ಜಾಗವಾದರೆ ಮಾರ್ಬಲ್ ಪಾಲಿಶ್ ಪುಡಿ, ನೀರು, ಮೆತ್ತನೆಯ ಬಟ್ಟೆ ಸಾಕು. ಹೆಚ್ಚಿದ್ದರೆ ಯಂತ್ರವಿರುವ ಪಾಲಿಶ್‌ನವರನ್ನು ಕರೆಸಿ. ಅದು ಕೊನೆಯ ಕೆಲಸ, ಮೊದಲು ಬೂಷ್ಟು ಹೋಗಲಿ.

ಬೂಷ್ಟಿಗೆ ಕಲ್ಲು ಆಹಾರವಲ್ಲ. ಅದು ತಿನ್ನುವುದು ಕಲ್ಲಿನ ಮೇಲೆ ಕೂತ ಸೋಪಿನ ಜಿಡ್ಡನ್ನು, ಮೈಯ ಎಣ್ಣೆಯನ್ನು, ಧೂಳನ್ನು. ಆದ್ದರಿಂದ ಮೊದಲು ಹುಳಿಯೂ ಕ್ಷಾರವೂ ಅಲ್ಲದ, ಪಿಎಚ್ 7ರ ಆಸುಪಾಸಿನ ದ್ರವ ಸೋಪಿನಿಂದ ಜಿಡ್ಡು ತೊಳೆಯಿರಿ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಉಬ್ಬಸ ಇರುವವರು ಆ ಹೊತ್ತಿಗೆ ಹೊರಗಿರಲಿ. ಬೂಷ್ಟನ್ನು ಒಣಗಿದ್ದಾಗ ಉಜ್ಜಲೇಬೇಡಿ, ಅದರ ಬೀಜಕಣಗಳು ಮನೆಯೆಲ್ಲ ಹಾರುತ್ತವೆ.

ನಂತರ ಔಷಧಿ ಅಂಗಡಿಯಲ್ಲಿ ಸಿಗುವ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್. ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಗಾಢ ಬಣ್ಣದ ಕಲ್ಲನ್ನು ಅದು ಬಿಳಿಚಿಸುವುದುಂಟು. ತೊಂದರೆ ಕಾಣದಿದ್ದರೆ ಚುಕ್ಕೆಗಳ ಮೇಲೆ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ನೈಲಾನ್ ಬ್ರಷ್‌ನಿಂದ ಹಗುರವಾಗಿ ತಿಕ್ಕಿ, ತೊಳೆದು, ಬಟ್ಟೆಯಿಂದ ಒರೆಸಿ. ಉಕ್ಕಿನ ನಾರು ಬೇಡ, ಅದರ ಚೂರುಗಳು ಕಲ್ಲಿನಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತವೆ. ಕಲೆ ಕಲ್ಲಿನೊಳಕ್ಕೆ ಇಳಿದಿದ್ದರೆ ಅಡುಗೆ ಸೋಡಾವನ್ನು ಅದೇ ಪೆರಾಕ್ಸೈಡ್‌ನಲ್ಲಿ ಟೂತ್‌ಪೇಸ್ಟ್ ಹದಕ್ಕೆ ಕಲಸಿ, ಅರ್ಧ ಬೆರಳು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಡಿ, ಒಣಗುತ್ತಾ ಅದು ಕಲೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮೆತ್ತಿ.

ಬ್ಲೀಚ್ ಹಾಕಬಹುದಲ್ಲ ಎಂದು ಮುಂದಿನ ವಾರ ಯಾರಾದರೂ ಬರೆಯುತ್ತೀರಿ, ಗೊತ್ತು. ಅದು ಮಾರ್ಬಲನ್ನು ಹುಳಿಯಂತೆ ಕರಗಿಸುವುದಿಲ್ಲ, ನಿಜ. ಆದರೆ ಪದೇ ಪದೇ ಹಾಕಿದರೆ ಕಲ್ಲು ಕಳೆಗುಂದುತ್ತದೆ. ನಿಮ್ಮ ಸ್ನಾನದ ಮನೆಯಲ್ಲಂತೂ ವಿನೆಗರ್ ಈಗಾಗಲೇ ಓಡಾಡಿದೆ. ಬ್ಲೀಚ್‌ಗೆ ಯಾವುದೇ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಪಾಯ. ಅಮೋನಿಯಾ ಸೇರಿದರೂ ವಿಷಾನಿಲವೇ. ಪೆರಾಕ್ಸೈಡನ್ನು ಕೂಡ ವಿನೆಗರ್ ಜೊತೆಗಾಗಲೀ ಬ್ಲೀಚ್ ಜೊತೆಗಾಗಲೀ ಬೆರೆಸಬಾರದು.

ಇನ್ನು ಆ ಮೂಲೆ. ಅಲ್ಲಿನ ಸಂದಿಯನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಮರಳುಮರಳಾಗಿದ್ದರೆ ಸಿಮೆಂಟ್ ಗ್ರೌಟ್, ಮೇಲೆ ಹೇಳಿದ್ದು ಅದಕ್ಕೂ ನಡೆಯುತ್ತದೆ. ರಬ್ಬರಿನಂತೆ ಒತ್ತಿಕೊಂಡರೆ ಸಿಲಿಕೋನ್. ಬೂಷ್ಟು ಸಿಲಿಕೋನ್ ಒಳಗೇ ಬೇರೂರಿದರೆ ಯಾವ ದ್ರವವೂ ಕೆಲಸಕ್ಕೆ ಬಾರದು. ಬ್ಲೇಡಿನಿಂದ ಕೊಯ್ದು ತೆಗೆದು, ಸಂದಿಯನ್ನು ತೊಳೆದು, ಪೂರ್ತಿ ಒಣಗಿಸಿ ಹೊಸದು ತುಂಬಿಸಬೇಕು. ಕೊಳ್ಳುವಾಗ ಟ್ಯೂಬಿನ ಮೇಲೆ ‘ನ್ಯೂಟ್ರಲ್’ ಎಂದು ಬರೆದಿದೆಯೇ ನೋಡಿ. ಒಣಗುವಾಗ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಬಿಡುವುದು ಅಸಿಟಿಕ್ ಆಮ್ಲವನ್ನೇ. ಬಾಗಿಲಲ್ಲಿ ತಡೆದ ಹುಳಿಯನ್ನು ಕಿಟಕಿಯಿಂದ ಒಳಗೆ ಕರೆದಂತಾಗುತ್ತದೆ.

ಹದಿನೈದು ದಿನಕ್ಕೆ ಮರಳಿ ಬಂದದ್ದೇಕೆ? ಆ ಮೂಲೆ ಒಣಗುತ್ತಲೇ ಇಲ್ಲ. ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು ನೋಡಿ. ನೀರು ಜಾಲರಿಯತ್ತ ಓಡದೆ ಮೂಲೆಯಲ್ಲೇ ನಿಂತರೆ ಇಳಿಜಾರು ಸರಿಯಿಲ್ಲ. ಎರಡು ದಿನ ಆ ಶವರ್ ಬಳಸದಿದ್ದರೂ ಕಲ್ಲಿನ ಅಂಚು ಗಾಢವಾಗಿಯೇ ಉಳಿದರೆ ಒಳಗೆಲ್ಲೋ ಸೋರಿಕೆ ಇರಬಹುದು. ಆಗ ಮೊದಲು ಬರಬೇಕಾದವರು ಪ್ಲಂಬರ್. ಇವೆರಡೂ ಇಲ್ಲವೆಂದಾದರೆ, ಸ್ನಾನವಾದ ಮೇಲೆ ಗೋಡೆ, ನೆಲ ಎರಡಕ್ಕೂ ವೈಪರ್ ಎಳೆಯಿರಿ, ಎಗ್ಜಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ. ನನ್ನ ಮನೆಯಲ್ಲಿ ವೈಪರ್ ಎಳೆಯದೆ ಹೊರಬಂದವರಿಗೆ ಬಾಗಿಲಲ್ಲೇ ತಡೆ. ಈ ನಿಯಮಕ್ಕೆ ಬೈಸಿಕೊಂಡಷ್ಟು ನಾನು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ಪ್ರಶ್ನೆ: ಸೀಲರ್ ಹಚ್ಚಿಸಿದರೆ ಕಲ್ಲಿಗೆ ಬೂಷ್ಟು ಬರುವುದಿಲ್ಲ ಎಂದು ಹೇಳಿ ಹಚ್ಚಿದರು. ಆರು ತಿಂಗಳಿಗೇ ಬಂದಿದೆ. ಮೋಸ ಹೋದೆನೇ?

ಉತ್ತರ: ಹಚ್ಚಿದವರು ಒಂದು ಮಾತು ಹೆಚ್ಚು ಹೇಳಿದ್ದಾರೆ. ಸೀಲರ್ ನೀರು ಕಲ್ಲಿನೊಳಕ್ಕೆ ಇಳಿಯುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಮೇಲೆ ಕೂತ ಸೋಪಿನ ಜಿಡ್ಡಿನಲ್ಲಿ ಬೂಷ್ಟು ಬೆಳೆಯಲು ಅದರ ಅಡ್ಡಿಯೇನಿಲ್ಲ. ಹುಳಿಯಿಂದ ಆಗುವ ಗಾಯವನ್ನೂ ಅದು ತಡೆಯುವುದಿಲ್ಲ. ತೊಳೆದ ಮರುಗಳಿಗೆಯೇ, ಕಲ್ಲು ಹಸಿಯಾಗಿದ್ದಾಗ ಹಚ್ಚಿದರೋ ಎಂದು ನೆನಪಿಸಿಕೊಳ್ಳಿ. ಹಾಗಾಗಿದ್ದರೆ ತೇವ ಒಳಗೇ ಸಿಕ್ಕಿಕೊಂಡಿರುತ್ತದೆ. ಸೀಲರ್ ಇನ್ನೂ ಇದೆಯೇ ಎಂದು ತಿಳಿಯಲು ಒಣ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಒರೆಸಿದಾಗ ಕೆಳಗೆ ಗಾಢ ಗುರುತು ಉಳಿದರೆ ಸೀಲರ್ ಸವೆದಿದೆ.

ಪ್ರಶ್ನೆ: ಬಿಳಿ ಕಲ್ಲಿನ ಮೇಲೆ ಕಂದು ಬಣ್ಣದ ಬೂಷ್ಟು. ಬ್ಲೀಚ್ ಹಾಕಿದಷ್ಟೂ ಹೆಚ್ಚುತ್ತಿದೆ.

ಉತ್ತರ: ಅದು ಬೂಷ್ಟಾಗಿರಲಾರದು, ತುಕ್ಕಿರಬೇಕು. ಕೆಲವು ಬಿಳಿ ಮಾರ್ಬಲ್‌ಗಳೊಳಗೆ ಕಬ್ಬಿಣದ ಅಂಶವಿರುತ್ತದೆ. ನೀರು ಇಳಿದರೆ ಅದು ತುಕ್ಕು ಹಿಡಿಯುತ್ತದೆ, ಬ್ಲೀಚ್ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಬ್ಲೀಚ್ ನಿಲ್ಲಿಸಿ, ಕಲ್ಲನ್ನು ಒಣಗಲು ಬಿಡಿ. ಒಂದು ಫೋಟೊ ಕಳುಹಿಸಿ, ಆದರೆ ಕಲ್ಲು ಪೂರ್ತಿ ಒಣಗಿದ ಮೇಲೆ ತೆಗೆದದ್ದಿರಲಿ. ಒದ್ದೆ ಕಲ್ಲು ಎಲ್ಲ ಗಾಯಗಳನ್ನೂ ಮುಚ್ಚಿಟ್ಟುಕೊಳ್ಳುತ್ತದೆ.